ಭೋಗಿಯ ಹೊಗೆಯಲ್ಲಿ ಇಳಿಯದ ವಿಮಾನ

ಆ ಬೆಳಗ್ಗೆ ಮದ್ರಾಸಿಗೆ ಸೂರ್ಯ ಹುಟ್ಟಿದ್ದನೋ ಇಲ್ಲವೋ, ಹೇಳುವವರೇ ಇರಲಿಲ್ಲ. ಪೊಂಗಲ್ಲಿನ ಹಿಂದಿನ ದಿನ, ಭೋಗಿ. ನಸುಕಿಗೇ ಬೀದಿಬೀದಿಯಲ್ಲಿ ಹಳೆ ಚಾಪೆ, ಹರಕು ದಿಂಬು, ಮುರುಕು ಮೊರ ಸುಟ್ಟ ಹೊಗೆ ಮೇಲೇಳಲಾರದೆ ಮಂಜಿನ ಕೆಳಗೆ ಸಿಕ್ಕಿಬಿದ್ದು, ವೆಸ್ಟ್ ಮಾಂಬಲದ ಓಣಿಗಳಲ್ಲಿ ದಾರಿ ತಪ್ಪಿದ ದನದ ಹಾಗೆ ಅಲೆಯುತ್ತಿತ್ತು. ಎದುರು ಮನೆಯ ಮಹಡಿ ಕಾಣುತ್ತಿರಲಿಲ್ಲ. ಗಾಳಿ ಎಳ್ಳಷ್ಟೂ ಇರಲಿಲ್ಲ.

ಕೊಟ್ರಪ್ಪನವರು ಸ್ನಾನ ಮುಗಿಸಿ, ಹಣೆಗೆ ವಿಭೂತಿ ಧರಿಸಿ, ಎಡಗೈಯ ಮೇಲೆ ಲಿಂಗವಿಟ್ಟುಕೊಂಡು ಕೂತು ಅರ್ಧ ಗಂಟೆಯಾಗಿತ್ತು. ದೃಷ್ಟಿ ನಿಲ್ಲಲೊಲ್ಲದು. ಎಷ್ಟೋ ವರ್ಷಗಳಿಂದ ಹೀಗೆ ಕೂತರೆ ಸಾಕು, ಕದಡಿದ ಮನಸ್ಸು ಕೆರೆಯ ನೀರಿನಂತೆ ತಾನಾಗಿ ತಿಳಿಯಾಗುತ್ತಿತ್ತು. ಇವತ್ತು ತಳದಲ್ಲಿ ಯಾರೋ ಕೋಲು ಹಾಕಿ ಕಲಕುತ್ತಿದ್ದರು.

ತಲೆಯ ಮೇಲೆ ಒಂದು ವಿಮಾನ ಗುಂಯ್ಗುಟ್ಟುತ್ತ ಬಂತು. ದೂರ ಹೋಯಿತು. ತುಸು ಹೊತ್ತಿಗೆ ಮತ್ತೆ ಬಂತು.

‘ಗುರು ಕೊಟ್ಟೂರೇಶಾ, ಇದೇನು ಕಿವಿಗೆ ಕಾಟ’ ಎಂದುಕೊಂಡು ಅವರು ಕಣ್ಣು ಮುಚ್ಚಿದರು. ಮೂರನೆಯ ಸಲ ಬಂದಾಗ ಕಣ್ಣು ತೆರೆದರು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು.

ನಾಗಮಣಿ ನಿಂತಿದ್ದಳು. ಹೊಗೆಗೋ ಅಳುವಿಗೋ ಕಣ್ಣು ಕೆಂಡವಾಗಿತ್ತು. ಅವಳ ಗಂಡ ತಿರುಮಲೇಶ, ಕೊಟ್ರಪ್ಪನವರ ಹಳೆಯ ಗೆಳೆಯ, ಮಣಲಿಯ ರಾಸಾಯನಿಕ ವ್ಯಾಪಾರಿ ಕಾಂತಪ್ಪನವರ ಡ್ರೈವರು. ಹೋದ ವರ್ಷ ಇದೇ ಭೋಗಿಯ ನಸುಕಿನಲ್ಲಿ ಯಜಮಾನರನ್ನು ಅವರ ಟಿ. ನಗರದ ಮನೆಯ ಮಹಡಿ ಮೆಟ್ಟಿಲಿಂದ ನೂಕಿ ಕೊಂದ ಆರೋಪ ಹೊತ್ತು ಪುಳಲ್ ಜೈಲಿನಲ್ಲಿದ್ದ.

"ನಿನ್ನೆ ರಾತ್ರಿ ಲಾಯರ್ ಫೋನ್ ಮಾಡಿದ್ರು ಸಾರ್. ಪೊಂಗಲ್ ಲೀವು ಮುಗಿದ ಮಾರನೇ ದಿನವೇ ತೀರ್ಪಂತೆ. ಇನ್ನು ಐದೇ ದಿನ. ನಿಮ್ಮನ್ನ ಬಿಟ್ರೆ ಆ ಮನೆಯವ್ರು ಯಾರ ಮಾತೂ ಕೇಳಲ್ಲ."

"ಕೂಡು ತಂಗಿ. ಮೊದಲು ನೀರು ಕುಡಿ."

"ಕೂತ್ರೆ ಆಗಲ್ಲ ಸಾರ್, ಕಾಲು ಒಂದು ಕಡೆ ನಿಲ್ಲಲ್ಲ."

"ಮಣಲಿಯಿಂದ ಇಷ್ಟು ಲಗೂನ ಹೆಂಗ ಬಂದಿ?"

"ನಾಲ್ಕು ಗಂಟೆಗೇ ಹೊರಟೆ. ಬಸ್ಸು ಆಮೆ ಹಂಗೆ ಬಂತು ಪಾವಂ, ಡ್ರೈವರಿಗೆ ಮುಂದಿನ ಲಾರಿನೇ ಕಣ್ಣಿಗೆ ತೆರಿಯಲ್ಲ. ಹೋದ ವರ್ಷನೂ ಹಿಂಗೇ ಇತ್ತಲ್ಲ ಸಾರ್. ನಮ್ಮನೆಯವ್ರು ಬೆಳಗ್ಗೆ ಮನೆಗೆ ಬಂದಾಗ ಮುಖ ಎಲ್ಲಾ ಮಸಿ. ‘ನಾಲ್ಕಡಿ ಮುಂದೆ ಕಾಣಲ್ಲ ಕಣೇ’ ಅಂದ್ರು."

ಮೇಲೆ ವಿಮಾನ ನಾಲ್ಕನೆಯ ಸಲ ಬಂತು.

ಕೊಟ್ರಪ್ಪನವರ ಕೈಯಲ್ಲಿದ್ದ ನೀರಿನ ಲೋಟ ಅಲ್ಲೇ ನಿಂತಿತು.

"ಏನಂದಿ? ಹೋದ ವರ್ಷವೂ ಹಿಂಗಽ ಇತ್ತಾ?"

"ಇದಕ್ಕಿಂತ ಜಾಸ್ತಿ ಸಾರ್. ಯಾಕೆ?"

ಅವರು ಒಳಗೆ ಹೋಗಿ, ಕಪಾಟಿನ ಮೇಲಿಂದ ಸುರುಳಿ ಸುತ್ತಿದ ಒಂದು ದೊಡ್ಡ ಕಾಗದ ತೆಗೆದು, ಧೂಳು ಕೊಡವಿ, ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಪುಸ್ತಕ ಇಟ್ಟರು.

ಮೂವತ್ತನಾಲ್ಕು ವರ್ಷ ಕೊಟ್ರಪ್ಪನವರು ರೈಲ್ವೆಯಲ್ಲಿ ಸೆಕ್ಷನ್ ಕಂಟ್ರೋಲರ್ ಆಗಿದ್ದವರು. ಕಂಟ್ರೋಲ್ ಆಫೀಸಿನ ಮೇಜಿನ ಮೇಲೆ ಇಂಥ ಚೌಕುಳಿ ಹಾಳೆ ಹಾಸಿರುತ್ತದೆ. ಅಡ್ಡಕ್ಕೆ ಗಂಟೆ, ಉದ್ದಕ್ಕೆ ಊರು. ಓಡುವ ರೈಲೆಂದರೆ ಒಂದು ಓರೆ ಗೆರೆ. ವೇಗ ಹೆಚ್ಚಿದರೆ ಗೆರೆ ಕಡಿದಾಗುತ್ತದೆ; ರೈಲು ನಿಂತರೆ ಗೆರೆ ಅಂಗಾತ ಮಲಗುತ್ತದೆ. ಓದಬಲ್ಲವನಿಗೆ ಆ ಹಾಳೆಯಲ್ಲಿ ಒಂದು ಇಡೀ ದಿನದ ಸತ್ಯವಿರುತ್ತದೆ.

ಈ ಹಾಳೆಯ ಮೇಲೆ ಅರಕ್ಕೋಣಂ, ಜೋಲಾರಪೇಟೆ ಇರಲಿಲ್ಲ. ತಲೆಗೆ ಲಂಡನ್, ಬುಡಕ್ಕೆ ಚೆನ್ನೈ, ನಡುವೆ ಎಂಟು ಸಾವಿರದ ಇನ್ನೂರು ಕಿಲೋಮೀಟರು. ಒಂದೇ ಒಂದು ಗೆರೆ, ಸ್ಕೇಲು ಹಿಡಿದು ಎಳೆದದ್ದು.

ಕಾಂತಪ್ಪನವರ ಅಳಿಯ ಅರವಿಂದ್ ವ್ಯಾಪಾರದ ಮೇಲೆ ಮೂರು ವಾರ ಲಂಡನ್ನಿಗೆ ಹೋಗಿದ್ದ. ಮಾವ ಸತ್ತ ಬೆಳಗ್ಗೆಯೇ ಹಿಂತಿರುಗಿದ. ಇನ್‌ಸ್ಪೆಕ್ಟರ್ ಕೃಷ್ಣರಾಜ ಹೊಸೂರಿನವನು, ಕೊಟ್ರಪ್ಪನವರನ್ನು ಕಂಡರೆ ಗೌರವ. "ಸಾರ್, ಅಳಿಯ ಹೇಳೋ ಟೈಮು ಸರಿಯಾ, ನೀವೇ ಒಂದು ಸಲ ನೋಡಿಬಿಡಿ" ಎಂದಿದ್ದ.

ನೋಡಿದ್ದರು. ಲಂಡನ್ನಿನಲ್ಲಿ ಮಧ್ಯಾಹ್ನ ಎರಡು ಗಂಟೆ ಎಂದರೆ ನಮ್ಮಲ್ಲಿ ಸಂಜೆ ಏಳೂವರೆ. ಹೋಗುವಾಗ ಹನ್ನೊಂದು ತಾಸಿನ ಹಾದಿ. ಬರುವಾಗ ಮೇಲಿನ ಗಾಳಿ ಬೆನ್ನಿಗೆ ನೂಕುವುದರಿಂದ ಹತ್ತೇ ತಾಸು. ಬೆಳಗಿನ ಐದೂವರೆಗೆ ಚೆನ್ನೈ. ಇಳಿದು ಹೊರಬರಲು ಅರ್ಧವೋ ಒಂದೋ ತಾಸು, ಅಲ್ಲಿಂದ ಟಿ. ನಗರದ ಮನೆ ಮುಕ್ಕಾಲು ತಾಸು. ಅರವಿಂದ್ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡದ್ದು ಏಳೂಕಾಲಿಗೆ. ಸುದ್ದಿ ತಿಳಿದು ಓಡಿಹೋಗಿದ್ದ ಕೊಟ್ರಪ್ಪನವರೇ ಕಣ್ಣಾರೆ ಕಂಡಿದ್ದರು. ಕಾಂತಪ್ಪ ಬಿದ್ದದ್ದು ಐದು ಗಂಟೆಯ ಸುಮಾರಿಗೆ ಎಂದು ವೈದ್ಯರು ಹೇಳಿದ್ದರು. ಆಗ ಅರವಿಂದ್ ಆಕಾಶದಲ್ಲಿದ್ದ. ಗೆರೆ ಒಂದು ಕೂದಲೂ ತಪ್ಪದೆ ಕೂತಿತು. ಕೆಳಗೆ ಸಹಿ ಹಾಕಿ ಕೊಟ್ಟರು. ಅದೇ ಸಂಜೆ ತಿರುಮಲೇಶನನ್ನು ಎತ್ತಿಕೊಂಡು ಹೋದರು. ಹಿಂದಿನ ದಿನ ಭೋಗಿಗೆ ರಜೆ ಕೇಳಿದ್ದಕ್ಕೆ ಕಾಂತಪ್ಪ ನಾಲ್ಕು ಜನರೆದುರು ಅವನನ್ನು ಬೈದಿದ್ದರಲ್ಲ, ಪೊಲೀಸರಿಗೆ ಅಷ್ಟೇ ಸಾಕಾಯಿತು.

"ತಂಗಿ, ನಾನು ಕೆಲಸಕ್ಕೆ ಸೇರಿದ ಮೊದಲನೇ ವಾರ ನನ್ನ ಚೀಫ್ ಕಂಟ್ರೋಲರು ಕೈಮ್ಯಾಲೆ ರೂಲ್‌ದೊಣ್ಣಿಯಿಂದ ಹೊಡದಿದ್ರು, ಗೊತ್ತಾ?"

"ಯಾಕೆ ಸಾರ್?"

"ಆಂಬೂರಿನ ಸ್ಟೇಷನ್ ಮಾಸ್ತರ ‘ಗಾಡಿ ಹೋತು’ ಅಂತ ಫೋನಿನ್ಯಾಗ ಹೇಳೋ ಮುಂಚೇನ ಗೆರಿ ಎಳದಿದ್ದೆ. ಟೈಮ್‌ಟೇಬಲ್ ನೋಡಿ ಎಳದಿದ್ದೆ. ‘ಟೈಮ್‌ಟೇಬಲ್ಲು ಬರಬೇಕಾದ್ದನ್ನ ಹೇಳ್ತತಿ, ಮಾಸ್ತರ ಬಂದದ್ದನ್ನ ಹೇಳ್ತಾನ. ಮಾಸ್ತರ ಹೇಳೂತನಕ ಪೆನ್ಸಿಲ್ ಮುಟ್ಟಬ್ಯಾಡ’ ಅಂದ್ರು. ಅವತ್ತಿಂದ ರಿಟೈರಾಗೂತನಕ ಮುಟ್ಟಲಿಲ್ಲ."

ಅವರು ಹಾಳೆಯ ಬುಡದಲ್ಲಿ, ಚೆನ್ನೈ ಎಂದು ಬರೆದಲ್ಲಿ ಬೆರಳಿಟ್ಟರು.

"ಇದನ್ನ ಮುಟ್ಟಿಬಿಟ್ಟೆ. ಅರವಿಂದ ನಮ್ಮ ಮನಿ ಹುಡುಗ ಅಂತ. ಟಿಕೆಟ್ ತೋರಿಸಿದ, ಎಳದೆ. ಆ ವಿಮಾನ ಇಳೀತು ಅಂತ ನನಗ ಯಾರೂ ಹೇಳಿರಲಿಲ್ಲವ್ವ."

ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದ ಅಮಿತ್ ವಿಮಾನ ನಿಲ್ದಾಣದಲ್ಲಿ ಸಾಮಾನು ಇಳಿಸುವ ತಂಡದ ಮೇಲ್ವಿಚಾರಕ. ಫೋನು ಹಚ್ಚಿದರೆ ಹಿಂದೆ ಗದ್ದಲವೋ ಗದ್ದಲ.

"ಅಂಕಲ್, ಇಲ್ಲಿ ಒಂದೂ ಇಳೀತಿಲ್ಲ, ಎಲ್ಲಾ ಮೇಲೇ ಸುತ್ತುತಾ ಇವೆ. ಆಮೇಲೆ ಮಾಡ್ಲಾ?"

"ಒಂದು ಮಾತಪ್ಪ. ಹೋದ ವರ್ಷದ ಭೋಗಿ. ಲಂಡನ್ನಿಂದ ಐದೂವರೆಗೆ ಬರೋದು, ಎಷ್ಟಕ್ಕೆ ಬಂತು?"

ಅಮಿತ್ ನಕ್ಕ. "ಅದನ್ನ ಮರೆಯಕ್ಕಾಗುತ್ತಾ? ಒಂಬತ್ತರವರೆಗೂ ಒಂದು ಚಕ್ರನೂ ನೆಲ ಮುಟ್ಟಿಲ್ಲ. ಲಂಡನ್ನಿಂದು ಎಣ್ಣೆ ಸಾಲದೆ ಬೆಂಗಳೂರಿಗೆ ಹೋಗಿ ಕೂತುಬಿಡ್ತು. ಇಲ್ಲಿಗೆ ಬಂದದ್ದು ಹತ್ತು ನಲವತ್ತಕ್ಕೆ. ಪ್ಯಾಸೆಂಜರ್ಸ್ ಎಲ್ಲಾ ಸೇರಿ ನಮಗೇ ಅರ್ಚನೆ ಮಾಡಿದ್ರು, ಏನೋ ಹೊಗೆ ಹಾಕಿದ್ದು ನಾವೇ ಅನ್ನೋ ಹಂಗೆ."

"ಖಾತ್ರಿಯೇನು?"

"ನನ್ನ ಡ್ಯೂಟಿ ಡೈರಿ ಲಾಕರಲ್ಲೇ ಇದೆ. ಫೋಟೊ ಕಳಿಸ್ತೀನಿ ತಾಳಿ."

ಐದು ನಿಮಿಷಕ್ಕೆ ಫೋಟೊ ಬಂತು. ತಾರೀಕು, ವಿಮಾನ, ವೇಳೆ: ೧೦.೪೦.

ಕೊಟ್ರಪ್ಪನವರು ಪೆನ್ಸಿಲು ಕೆತ್ತಿ, ಹಳೆಯ ಗೆರೆಯ ತುದಿಯನ್ನು ರಬ್ಬರಿನಿಂದ ಒರೆಸಿದರು. ಚೆನ್ನೈಯ ಹೊಸ್ತಿಲಲ್ಲಿ ಗೆರೆ ಅಂಗಾತ ಮಲಗಿತು, ಹಿಂದಕ್ಕೆ ಬೆಂಗಳೂರಿಗೆ ಏರಿತು, ಅಲ್ಲಿ ಬಹಳ ಹೊತ್ತು ಮಲಗಿತು, ಮತ್ತೆ ಇಳಿದು ಹತ್ತು ನಲವತ್ತಕ್ಕೆ ಚೆನ್ನೈ ಮುಟ್ಟಿತು. ಅವರು ಏಳೂಕಾಲಿನ ಮೇಲೆ ಒಂದು ಚುಕ್ಕೆ ಇಟ್ಟರು. ಆ ಹೊತ್ತಿಗೆ ಅರವಿಂದ್ ಟಿ. ನಗರದ ಬಾಗಿಲಲ್ಲಿದ್ದ. ಚುಕ್ಕೆ ಗೆರೆಯ ಮೇಲೆ ಇರಲಿಲ್ಲ.

ನಾಗಮಣಿಗೆ ಹಾಳೆ ಓದಲು ಬರುತ್ತಿರಲಿಲ್ಲ. ಆದರೂ ಆ ಒಂಟಿ ಚುಕ್ಕೆಯನ್ನು ನೋಡುತ್ತ ಕೂತುಬಿಟ್ಟಳು.

"ಅವ್ರು ಆ ವಿಮಾನದಲ್ಲೇ ಇರಲಿಲ್ವಾ ಸಾರ್?"

"ಇರಲಿಲ್ಲ."

ಕೃಷ್ಣರಾಜನಿಗೆ ಫೋನಿನಲ್ಲಿ ಎಲ್ಲ ಹೇಳಿದರು. ಅವನು, "ಪಾಸ್‌ಪೋರ್ಟ್ ಸೀಲು ನೋಡಬೇಕಿತ್ತು ಸಾರ್. ನಿಮ್ಮ ಗೆರೆ ನಂಬಿ ನಾನೂ ಬಿಟ್ಟೆ. ಬರ್ತೀನಿ, ಆದ್ರೆ ಈ ಹೊಗೇಲಿ ಒಂದು ಗಂಟೆ ಆಗುತ್ತೆ. ನೀವು ಹೋಗಿ ಏನೂ ಕೇಳಬೇಡಿ, ಪ್ಲೀಸ್" ಎಂದ.

ಕೊಟ್ರಪ್ಪನವರು ಆಗಲೇ ಚಪ್ಪಲಿ ಮೆಟ್ಟಿದ್ದರು.

ಟಿ. ನಗರದ ಜವಳಿ ಅಂಗಡಿಗಳ ಹಿಂದಿನ ಬೀದಿಯಲ್ಲಿ ಕಾಂತಪ್ಪನವರ ಮನೆ. ಆವತ್ತು ಅವರ ಮೊದಲ ವರ್ಷದ ಪುಣ್ಯಸ್ಮರಣೆ. ಹನ್ನೊಂದಕ್ಕೆ ಜಂಗಮರು ಬರುವವರಿದ್ದರು. ನಡುಮನೆಯಲ್ಲಿ ಫೋಟೊ ಇಟ್ಟು, ಮಗಳು ಬಿಂದು ಅದರ ಗಾಜು ಒರೆಸುತ್ತಿದ್ದಳು. ದೇವರ ಕೋಣೆಯ ಬಾಗಿಲು ಅರೆ ಮುಚ್ಚಿತ್ತು. ಒಳಗೆ ಕಾಂತಪ್ಪನವರ ಹೆಂಡತಿ ಶಿವಗಂಗಮ್ಮ ಪೂಜೆಗೆ ಕೂತಿದ್ದರು.

ಅರವಿಂದ್ ಬಿಳಿ ಪಂಚೆಯುಟ್ಟು ಎದುರು ಬಂದ. ಚೆನ್ನೈನಲ್ಲೇ ಹುಟ್ಟಿ ಬೆಳೆದವನು. ಮಾತು ಮೂರು ಭಾಷೆಯ ಚಿತ್ರಾನ್ನ.

"ವಾಂಗ ಕಾಕಾ, ಬನ್ನಿ! ಈ ಹೊಗೇಲಿ ನಿಮ್ಮ ಎಂಜಿನ್ ಹೆಂಗೆ ಬಂತು, ಸಿಗ್ನಲ್ ಕಾಣಿಸ್ತಾ?"

ಹಿಂದೆ ನಾಗಮಣಿಯನ್ನು ಕಂಡು ನಗು ಅರ್ಧಕ್ಕೆ ನಿಂತಿತು. "ಇವರನ್ನ ಯಾಕೆ ಕರ್ಕೊಂಡು ಬಂದ್ರಿ? ಇವತ್ತು? ಅತ್ತೆಗೆ ಎಷ್ಟು ಬೇಜಾರಾಗುತ್ತೆ?"

"ಬಾಗಿಲ ಹತ್ರನ ಕೂತಿರ್ತಾಳ. ನಿನ್ನ ಕೂಡ ಎರಡು ಮಾತೈತಿ, ಮುಗಿಸಿ ಹೋಗ್ತೀನಿ. ಅವತ್ತಿನ ಪ್ರಯಾಣ ಇನ್ನೊಮ್ಮೆ ಹೇಳಪ್ಪ."

"ಹೇಳಿದ್ದೀನಲ್ಲ. ಎರಡಕ್ಕೆ ಟೇಕ್ ಆಫ್, ಐದೂವರೆಗೆ ಲ್ಯಾಂಡಿಂಗ್. ಹತ್ತು ಅವರ್ ಫ್ಲೈಟ್. ನೀವೇ ಡ್ರಾಯಿಂಗ್ ಬರೆದ್ರಿ."

"ಹೊಗಿ ಇರಲಿಲ್ಲೇನು?"

ಅರವಿಂದನ ಕಣ್ಣು ಹೊರಗಿನ ಬೂದುಬಣ್ಣದ ಬೆಳಕಿನ ಕಡೆ ಹೋಗಿ ಬಂತು.

"ಇತ್ತು. ಹಾಂ, ಇತ್ತು. ಪೈಲಟ್ ಒಂದೆರಡು ರೌಂಡ್ ಹೊಡೆದ. ಆಮೇಲೆ ಇಳಿಸಿದ."

"ಎಷ್ಟೊತ್ತು ಹೊಡದ?"

"ಅರ್ಧ ಗಂಟೆ, ಮ್ಯಾಕ್ಸಿಮಮ್."

"ಅಂದ್ರ ಆರಕ್ಕ ಇಳೀತು."

"ಆರಕ್ಕೆ. ಅದಕ್ಕೇ ಮನೆ ಸೇರೋದು ಏಳೂಕಾಲಾಯ್ತು. ಫಿಟ್ ಆಗುತ್ತಲ್ಲ?"

"ಚೊಲೋ ಫಿಟ್ ಆಕ್ಕತಿ," ಎಂದು ಕೊಟ್ರಪ್ಪನವರು ಹಾಳೆಯನ್ನು ಮೇಜಿನ ಮೇಲೆ ಬಿಡಿಸಿದರು. "ಆದ್ರ ನಿನ್ನ ಕೂಡ ಬಂದವರು ಆ ಹೊತ್ತಿನ್ಯಾಗ ಬೆಂಗಳೂರಿನ್ಯಾಗ ಇದ್ರು. ಏಳೂಕಾಲಿಗೆ ನೀನು ಈ ಬಾಗಿಲಾಗ ನನ್ನ ಕೈ ಹಿಡಕೊಂಡು ಅತ್ತಿ. ಅವರು ಇಲ್ಲಿ ಇಳದದ್ದು ಹತ್ತು ನಲವತ್ತಕ್ಕ. ಒಬ್ಬ ಮನಷ್ಯಾನ್ನ ಮಾತ್ರ ವಿಮಾನದಿಂದ ಮೊದಲಽ ಕೆಳಗ ಬಿಟ್ರೇನು?"

ಅಮಿತನ ಡೈರಿಯ ಫೋಟೊ ತೋರಿಸಿದರು. ಅರವಿಂದ್ ಅದನ್ನು ಎರಡು ಸಲ ಓದಿದ. ಗಾಜು ಒರೆಸುವ ಸದ್ದು ನಿಂತಿತ್ತು.

"ಯಾವನೋ ಕೂಲಿಯವನ ಡೈರಿ," ಎಂದ. ದನಿ ತೆಳುವಾಗಿತ್ತು. "ಕಾಕಾ, ಕೇಸ್ ಶೀಟಲ್ಲಿ ನಿಮ್ಮ ಸೈನ್ ಇದೆ. ಇವತ್ತು ಅದು ತಪ್ಪು ಅಂದ್ರೆ ಯಾರ ಮರ್ಯಾದೆ ಹೋಗುತ್ತೆ ಯೋಚನೆ ಮಾಡಿದ್ರಾ?"

"ಮಾಡೀನಿ. ನಂದು ಹೋಕ್ಕತಿ. ಮುದುಕನ ಮರ್ಯಾದಿ ಹೋದ್ರ ಊರು ನಾಕು ದಿನ ನಗ್ತತಿ. ತಿರುಮಲೇಶಂದು ಜೀವಮಾನ ಹೋಕ್ಕತಿ."

"ಅವನು ಅಷ್ಟು ಸಾಚಾನಾ? ಹಾಗಿದ್ರೆ ಫೋನ್ ಯಾಕೆ ಬಿಸಾಕಿದ? ಪೊಲೀಸ್ರು ಕೂವಂ ನದಿ ದಂಡೆ ಪೂರ್ತಿ ಹುಡುಕಿದ್ರು. ನಾಲ್ಕಕ್ಕೇ ಇಲ್ಲಿಂದ ಹೊರಟೆ ಅಂತಾನೆ. ಹೊರಟಿದ್ರೆ ಫೋನೇ ಸಾಕ್ಷಿ ಹೇಳ್ತಿತ್ತಲ್ಲ, ಎಲ್ಲಿದ್ದ ಅಂತ!"

ಬಾಗಿಲ ಬಳಿ ನಾಗಮಣಿ ಎದ್ದು ನಿಂತಳು.

"ಅವ್ರು ಬಿಸಾಕಲಿಲ್ಲ ಸಾರ್. ಅವತ್ತು ಫೋನ್ ಇಲ್ಲದೇ ಮನೆಗೆ ಬಂದ್ರು. ನಿಮ್ಮ ಕಾರ್ ಶೆಡ್ಡಲ್ಲೇ ಚಾರ್ಜಿಗೆ ಹಾಕಿ ಮರೆತೆ ಅಂದ್ರು. ಸ್ಟೇಷನ್ನಲ್ಲಿ ಹೇಳಿದೆ, ಕೋರ್ಟಲ್ಲಿ ಹೇಳಿದೆ, ಯಾರೂ ಕೇಳಲಿಲ್ಲ. ನೀವೂ ಇದೇ ಜಾಗದಲ್ಲಿ ನಿಂತು ‘ಪೋ ಮ್ಮಾ’ ಅಂತ ಅಟ್ಟಿದ್ರಿ."

ಅರವಿಂದ್ ಅವಳ ಮುಖ ನೋಡಲಾರದೆ ಹಾಳೆಯ ಕಡೆ ತಿರುಗಿದ. ಕೊಟ್ರಪ್ಪನವರು ದನಿ ಏರಿಸಲಿಲ್ಲ. ಮಠದ ಜಗಲಿಯಲ್ಲಿ ಹಸಿದವನಿಗೆ ಊಟವಾಯಿತೇ ಎಂದು ಕೇಳುವಂತೆ ಕೇಳಿದರು:

"ಅರವಿಂದಾ, ಎಂಟು ಸಾವಿರ ಕಿಲೋಮೀಟರು. ನಡಕೊಂಡಂತೂ ಬಂದಿಲ್ಲ. ಈ ವಿಮಾನ ಹತ್ತಲಿಲ್ಲ ಅಂದಮ್ಯಾಲೆ, ಯಾವುದು ಹತ್ತಿದಿ?"

ಅರವಿಂದ್ ಕುರ್ಚಿಯ ಬೆನ್ನು ಹಿಡಿದುಕೊಂಡು ಕೂತ.

"ಹಿಂದಿನ ದಿನದ್ದು," ಎಂದ. "ಡೇಟ್ ಚೇಂಜ್ ಮಾಡಿಸಿದೆ. ಮೊದಲಿನ ಟಿಕೆಟ್ ಫೋನಲ್ಲಿ ಹಾಗೇ ಇತ್ತು, ಅದನ್ನೇ ತೋರಿಸಿದೆ."

"ಹಂಗಾರ ಒಂದು ಹಗಲು, ಒಂದು ರಾತ್ರಿ ಈ ಊರಾಗ ಇದ್ದಿ. ಎಲ್ಲಿ?"

ಅರವಿಂದ್ ಪಂಚೆಯ ಅಂಚು ಬೆರಳಿಗೆ ಸುತ್ತತೊಡಗಿದ.

"ಮಾವನ್ನ ನೂಕಿದಿ?"

"ಇಲ್ಲ!" ಆ ಕೂಗಿಗೆ ತಾನೇ ಬೆಚ್ಚಿದ. "ದೇವರಾಣೆ ಇಲ್ಲ ಕಾಕಾ. ನಾನು ಬಂದಾಗ ಅವರು ಆಗಲೇ ಕೆಳಗೆ ಬಿದ್ದಿದ್ರು. ಸುಳ್ಳು ಹೇಳಿದ್ದು ನಿಜ. ಆದ್ರೆ ಆ ಸುಳ್ಳು ಕಟ್ಟಿದ್ದು ನಾನಲ್ಲ. ‘ಈಗ ಇಳಿದೆ ಅಂತ ಹೇಳು, ಪೆಟ್ಟಿಗೆ ತಗೊಂಡು ಹೊರಗೆ ಹೋಗಿ ಏಳರ ಮೇಲೆ ಬಾ’ ಅಂದ್ರು. ಬಂದೆ."

"ಯಾರು ಅಂದದ್ದು?"

ಅರವಿಂದನ ಕಣ್ಣು ಹೆಂಡತಿಯ ಕಡೆಗೆ, ಅಲ್ಲಿಂದ ದೇವರ ಕೋಣೆಯ ಬಾಗಿಲಿಗೆ ಹೋಯಿತು. ಬಿಂದು ಅಪ್ಪನ ಫೋಟೊದ ಚೌಕಟ್ಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಅವಳು ತಲೆಯೆತ್ತಲಿಲ್ಲ.

ಆಗ ದೇವರ ಕೋಣೆಯ ಬಾಗಿಲು ಸರಿಯಿತು.

ಶಿವಗಂಗಮ್ಮ ಹೊರಗೆ ಬಂದರು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಅಳಿಯನ ಕಡೆ ನೋಡಲಿಲ್ಲ, ಮಗಳ ಕಡೆ ನೋಡಲಿಲ್ಲ. ನಲವತ್ತು ವರ್ಷದ ಬಳಕೆಯ ಕೊಟ್ರಪ್ಪನವರು "ಅಕ್ಕಾ" ಎಂದು ಏಳಹೋದರೆ ಕೈಯೆತ್ತಿ ತಡೆದರು. ನಿಧಾನಕ್ಕೆ ನಡೆದು ಬಾಗಿಲ ಬಳಿಗೆ ಹೋದರು.

ನಾಗಮಣಿ ಹೆದರಿ ಒಂದು ಹೆಜ್ಜೆ ಹಿಂದೆ ಸರಿದಳು. ಈ ಮನೆಯ ಹೊಸ್ತಿಲಿನಿಂದ ಎರಡು ಸಲ ಅವಳನ್ನು ಹೊರಗೆ ಕಳಿಸಿದ್ದು ಇದೇ ಅಮ್ಮ.

"ಕೈ ಚಾಚವ್ವ," ಎಂದರು ಶಿವಗಂಗಮ್ಮ.

ಅವಳು ಚಾಚಿದಳು. ಶಿವಗಂಗಮ್ಮ ಸೆರಗಿನ ಮರೆಯಿಂದ ಒಂದು ಫೋನು ತೆಗೆದು ಆ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದರು. ಮೂಲೆ ಒಡೆದ ಹಳೆಯ ಫೋನು. ಹಿಂದೆ ಒಂದು ಮಾಸಿದ ಮುರುಗನ ಚಿತ್ರ ಅಂಟಿಸಿತ್ತು.

"ನಿನ್ನ ಗಂಡಂದು. ನಿನಗ ಕೊಡಬೇಕಾಗಿತ್ತು."

ಅಷ್ಟೇ ಹೇಳಿ ಅವರು ಬಂದ ಹಾಗೆಯೇ ದೇವರ ಕೋಣೆಯತ್ತ ಹೊರಟರು. ತೆರೆದ ಬಾಗಿಲಿನಾಚೆ, ದೀಪದ ಪಕ್ಕ, ಗೋಡೆಯಿಂದ ಚಾರ್ಜರಿನ ವೈರೊಂದು ಜೋತಾಡುತ್ತಿತ್ತು. ಅರವಿಂದ್ ಬಾಯಿ ತೆರೆದವನು ತೆರೆದೇ ಇದ್ದ. ಅವನಿಗೂ ಇದು ಗೊತ್ತಿರಲಿಲ್ಲವೆಂದು ಕೊಟ್ರಪ್ಪನವರಿಗೆ ಆ ಮುಖ ನೋಡಿಯೇ ತಿಳಿಯಿತು.

ನಾಗಮಣಿ ಫೋನನ್ನು ಕಣ್ಣಿಗೊತ್ತಿಕೊಂಡಳು. ಹೆಬ್ಬೆರಳು ತಾಗಿ ತೆರೆ ಬೆಳಗಿತು: ಸಮುದ್ರ ದಂಡೆಯಲ್ಲಿ ಅವಳೂ ತಿರುಮಲೇಶನೂ ನಗುತ್ತ ನಿಂತ ಚಿತ್ರ, ಮೂಲೆಯಲ್ಲಿ ಬ್ಯಾಟರಿ ನೂರಕ್ಕೆ ನೂರು. ಅವಳು ಫೋನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. ನಿಧಾನವಾಗಿ ಕೊಟ್ರಪ್ಪನವರ ಕಡೆ ತಿರುಗಿದಳು.

"ಸಾರ್," ಎಂದಳು, "ಇದು ಇನ್ನೂ ಬೆಚ್ಚಗಿದೆ."